ಸಿದ್ಧರಾಮರ ಕೆರೆಯೂ ಎರೆನೆಲದ ನೀರೂ

12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿ ಶರಣಸಾಹಿತ್ಯದ ಓದುಗರಿಗೆ ಸುಪರಿಚಿತವಾದುದು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಅದರ ನಿರೂಪಣೆಯಿದೆ. ಆದರೆ ಆ ನಾಡಿಗೆ ಕೆರೆಯೇಕೆ ಬೇಕಾಯಿತೆಂಬುದು ಅಲ್ಲಿಯ ಮಣ್ಣನ್ನು ಅರಿತಾಗಲೇ ಸ್ಪಷ್ಟವಾಗುತ್ತದೆ.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಅಲ್ಲಿಂದ ವಿಜಯಪುರದತ್ತ ಹಬ್ಬಿದ ಬಯಲಿನ ಬಹುಭಾಗ ಬಸಾಲ್ಟ್ ಶಿಲೆ ಶಿಥಿಲಗೊಂಡು ಉಂಟಾದ ಎರೆನೆಲ. ವರ್ಷದ ಮಳೆ ಸುಮಾರು 600ರಿಂದ 750 ಮಿಲಿಮೀಟರು. ಅದರಲ್ಲಿ ಹೆಚ್ಚಿನದು ಕೆಲವೇ ದಿನಗಳಲ್ಲಿ ರಭಸದಿಂದ ಸುರಿದುಬಿಡುತ್ತದೆ.

ಎರೆಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಅತಿಸೂಕ್ಷ್ಮವಾದ ಜೇಡಿಯ ಕಣಗಳಿರುತ್ತವೆ. ಬೇಸಗೆಯಲ್ಲಿ ಈ ಮಣ್ಣು ಕುಗ್ಗಿ, ಆಳವಾದ ಬಿರುಕುಗಳನ್ನು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳ ಮೂಲಕ ನೇರವಾಗಿ ಒಳಗಿಳಿಯುತ್ತದೆ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕುಗಳು ಮುಚ್ಚಿಹೋಗುವುವು. ಅನಂತರ ಗಂಟೆಗೆ ಒಂದು ಮಿಲಿಮೀಟರಿನಷ್ಟು ನೀರು ಇಂಗುವುದೂ ಕಷ್ಟ. ಮಿಕ್ಕದ್ದು ಇಳಿಜಾರು ಹಿಡಿದು ಹರಿದುಹೋಗುತ್ತದೆ. ಮಸಾರಿ ನೆಲವು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಟ್ಟರೆ, ಎರೆನೆಲವು ತಡವಾಗಿ ಕುಡಿದು ಬಹುಕಾಲ ಹಿಡಿದಿಡುತ್ತದೆ. ಒಂದು ಮೀಟರು ಆಳದ ಎರೆಮಣ್ಣಿನಲ್ಲಿ ಬೇರುಗಳಿಗೆ ದೊರೆಯುವಂತಹ ನೀರು ಸುಮಾರು 200 ಮಿಲಿಮೀಟರು ಮಳೆಗೆ ಸಮನಾಗಿರಬಲ್ಲದು. ಮಳೆ ನಿಂತ ಮೇಲೆ ಹಿಂಗಾರಿ ಜೋಳ ತೆನೆಗಟ್ಟುವುದು ಈ ಹಸಿಯ ಬಲದಿಂದಲೇ. ಮಣ್ಣು ತಣಿದ ಬಳಿಕ ಉಳಿದುದಷ್ಟೇ ಕೆಳಗಿನ ಗರಸಿಗೂ ಕಲ್ಲಿನ ಸೀಳುಗಳಿಗೂ ಇಳಿದು ಬಾವಿಯ ಒರತೆಯಾಗುತ್ತದೆ.

ಒಕ್ಕಲಿಗನು ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದೂ, ಎಡೆಹೊಡೆದು ಬಿರುಕುಗಳನ್ನು ಮುಚ್ಚುವುದೂ ಈ ಅರಿವಿನ ಫಲ. ಎರೆನೆಲದಲ್ಲಿ ನೀರನ್ನು ಪೂರ್ತಿಯಾಗಿ ತಡೆಯುವ ಬದುವನ್ನು ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬದುವೂ ಒಡೆಯುತ್ತದೆ. ಆದುದರಿಂದ ಅಲ್ಲಿ ಬದುವಿಗೆ ಅಲ್ಪ ಇಳಿಜಾರನ್ನು ಕೊಟ್ಟು, ಹೆಚ್ಚಿನ ನೀರು ಮೆಲ್ಲನೆ ಹೊರಹೋಗುವಂತೆ ಮಾಡಬೇಕಾಗುತ್ತದೆ.

ಹಾಗೆ ಹೊರಬಂದ ನೀರಿಗೆ ನೆಲೆಯಾಗುವುದೇ ಕೆರೆ. ಹೊಲವು ನೀರಿನ ಮೊದಲ ಪಾತ್ರೆ, ಕೆರೆಯು ಎರಡನೆಯದು. ಮೊದಲನೆಯದು ಕೆಟ್ಟು ಮಣ್ಣು ಕೊಚ್ಚಿಬಂದರೆ ಎರಡನೆಯದು ಹೂಳಿನಿಂದ ತುಂಬುವುದು ನಿಶ್ಚಯ.

ಕೆರೆಯ ಕಾಯಕದಲ್ಲಿ ತೊಡಗಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಒಳಗಣ ಅರಿವಿನ ಕಡೆಗೆ ತಿರುಗಿಸಿದರೆಂದು ಶೂನ್ಯಸಂಪಾದನೆಗಳು ನಿರೂಪಿಸುತ್ತವೆ. ಆ ಪ್ರಸಂಗದ ತಾತ್ಪರ್ಯ ಆಧ್ಯಾತ್ಮಿಕವಾದುದು. ಆದರೂ ಕಣ್ಣಿಗೆ ಕಾಣುವ ಕೆರೆಯನ್ನಷ್ಟೇ ನೋಡಿ ಕಾಣದ ಹಸಿಯನ್ನು ಮರೆಯಬಾರದೆಂಬ ಎಚ್ಚರ ಲೋಕವ್ಯವಹಾರಕ್ಕೂ ಸಲ್ಲುತ್ತದೆ. ಶರಣರ ಹೆಸರಿನಲ್ಲಿ ಕೆರೆಯ ಹೂಳೆತ್ತುವ ಭಕ್ತರು ತಮ್ಮ ಕಾಯಕವನ್ನು ಮೇಲಣ ಹೊಲದ ಬದುವಿನಿಂದಲೇ ಆರಂಭಿಸುವುದು ಲೇಸು.