ಕರೆಂಟ್ ಬಿಲ್ ತಡವಾದರೆ ನಮಗೆ ಮಾತ್ರ ಬಡ್ಡಿಯೇ? ಕಂಪೆನಿಗಳಿಗೆ ಇಲ್ಲವೇ?

"ನಾವು ಬಿಲ್ ಕಟ್ಟುವುದು ತಡವಾದರೆ ಮೆಸ್ಕಾಂ ಬಡ್ಡಿ ಹಾಕುತ್ತದೆ. ಆದರೆ ವಿದ್ಯುತ್ ಕಂಪೆನಿಗಳು ಒಂದಕ್ಕೊಂದು ಕೋಟಿಗಟ್ಟಲೆ ಬಾಕಿ ಇಟ್ಟುಕೊಂಡರೂ ಬಡ್ಡಿ ಇಲ್ಲ!" ಹೀಗೆ ಹೇಳುವ ಮೆಸೇಜ್ ಓದಿದ ಕೂಡಲೇ ನಿಜವೆನಿಸುತ್ತದೆ. ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ನೋಡೋಣ.

ನಮ್ಮ ಬಿಲ್‌ನ ಬಡ್ಡಿ ಎಷ್ಟು?

ಕರ್ನಾಟಕದಲ್ಲಿ ಗ್ರಾಹಕರ ಬಾಕಿಗೆ ತಿಂಗಳಿಗೆ ಶೇ. 1ರಂತೆ, ತಡವಾದ ದಿನಗಳ ಲೆಕ್ಕದಲ್ಲಿ ಬಡ್ಡಿ. ಕಾರ್ಕಳದ ಅಂಗಡಿಯ 1,000 ರೂ. ಬಿಲ್ ಒಂದು ತಿಂಗಳು ತಡವಾದರೆ ಸುಮಾರು 10 ರೂ.

ಕಂಪೆನಿಗಳಿಗೆ?

ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಇದರ ವಿದ್ಯುತ್ತಿನ ಬಹುಪಾಲನ್ನು ಕೊಳ್ಳಬೇಕಾದವರು ರಾಜ್ಯದ ಎಸ್ಕಾಂಗಳು. ಇಂಥ ಖರೀದಿಯ ಬಿಲ್ ತಡವಾದರೆ ಏನಾಗಬೇಕು ಎಂಬುದಕ್ಕೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ನಿಯಮ ತಂದಿದೆ. ಒಪ್ಪಂದದಲ್ಲಿ ಗಡುವು ಬರೆದಿರದಿದ್ದರೆ, ಬಿಲ್ ಕೊಟ್ಟ 45 ದಿನದೊಳಗೆ ಹಣ ಕೊಡಬೇಕು.

ತಪ್ಪಿದರೆ ಬಡ್ಡಿ ದರ: ಎಸ್‌ಬಿಐನ ಒಂದು ವರ್ಷದ ಎಂಸಿಎಲ್‌ಆರ್ ದರದ ಮೇಲೆ ಶೇ. 5. ಎಂಸಿಎಲ್‌ಆರ್ ಶೇ. 9 ಎಂದಿಟ್ಟುಕೊಂಡರೆ ಮೊದಲ ತಿಂಗಳು ವಾರ್ಷಿಕ ಶೇ. 14. ಆಮೇಲೆ ಪ್ರತಿ ತಿಂಗಳು ಅರ್ಧ ಶೇಕಡಾ ಏರುತ್ತ ಗರಿಷ್ಠ ಶೇ. 17ರವರೆಗೆ ಹೋಗುತ್ತದೆ. ಆದರೆ ಒಪ್ಪಂದದಲ್ಲಿ ಬರೆದ ದರವನ್ನು ಮೀರುವಂತಿಲ್ಲ.

100 ಕೋಟಿ ರೂ. ಬಿಲ್ ಒಂದು ತಿಂಗಳು ತಡವಾದರೆ ಬಡ್ಡಿಯೇ ಸುಮಾರು 1.17 ಕೋಟಿ. ಮತ್ತೊಂದು ಮಾತು: ಕೊಟ್ಟ ಹಣ ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ ಜಮೆ. ಹೀಗಾಗಿ 50 ಕೋಟಿ ಕೊಟ್ಟರೂ ಅಸಲು ಇಳಿಯುವುದು 48.83 ಕೋಟಿ ಮಾತ್ರ.

ಬಡ್ಡಿಯಷ್ಟೇ ಅಲ್ಲ

ಬಾಕಿ ಹೆಚ್ಚು ದಿನ ಉಳಿದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳುವ, ಮಾರುವ ಅವಕಾಶಕ್ಕೂ ಕತ್ತರಿ. 2022ರ ಆಗಸ್ಟ್‌ನಲ್ಲಿ 13 ರಾಜ್ಯಗಳ ವಿತರಣಾ ಕಂಪೆನಿಗಳ ಮೇಲೆ ಹೀಗೆ ನಿರ್ಬಂಧ ಹೇರಲು ಸೂಚಿಸಲಾಯಿತು. ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ನಿಯಮ ಇಷ್ಟು ಬಿಗಿಯಾಗಿರಲು ಕಾರಣ ಸರಳ: ಹಣ ಬಾರದಿದ್ದರೆ ಸ್ಥಾವರ ಕಲ್ಲಿದ್ದಲು ತರಲಾರದು, ಕಲ್ಲಿದ್ದಲಿಲ್ಲದಿದ್ದರೆ ಮಣಿಪಾಲದಲ್ಲೂ ಉಡುಪಿಯಲ್ಲೂ ಕರೆಂಟ್‌ಗೆ ಕಷ್ಟ.

ಈ ಬಡ್ಡಿ ನಮ್ಮ ಬಿಲ್‌ನಲ್ಲಿ ಇದೆಯೇ?

ಬಿಲ್‌ನಲ್ಲಿ ಕಾಣುವ 'ಬಡ್ಡಿ' ನಿಮ್ಮದೇ ಹಳೆಯ ಬಾಕಿಯದ್ದು, ಕಂಪೆನಿಗಳದ್ದಲ್ಲ. ಕಂಪೆನಿಗಳ ತಡದ ಹೊರೆ ದರ ಏರಿಕೆಯ ರೂಪದಲ್ಲಿ ಬರಬಾರದೆಂದು ಕೇಳಲೂ ದಾರಿಯಿದೆ. ದರ ಪರಿಷ್ಕರಣೆಗೆ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು.

ನಮ್ಮ ತೀರ್ಮಾನ: ಮೆಸೇಜ್‌ನ ಮೊದಲ ಸಾಲು ನಿಜ, ಎರಡನೆಯದು ಸುಳ್ಳು. ಕಂಪೆನಿಗಳಿಗೂ ಬಡ್ಡಿ ಇದೆ, ಅದು ತಿಂಗಳು ತಿಂಗಳು ಏರುವ ಬಡ್ಡಿ. ಫಾರ್ವರ್ಡ್ ಮಾಡುವುದಾದರೆ ಇದನ್ನೇ ಮಾಡಿ.