ವರದಿ ಬರುವ ಮೊದಲೇ ಕುಡಿದಾಗಿರುವ ನೀರು

ಮೈಸೂರು–ನಂಜನಗೂಡು ಹಾದಿಯ ಕಡಕೊಳ 2020ರಲ್ಲಿ ಪಟ್ಟಣ ಪಂಚಾಯಿತಿಯಾಯಿತು. ಕಾರ್ಖಾನೆ, ಬಡಾವಣೆ ಎರಡೂ ಬೆಳೆಯುವ ಇಂಥ ಊರಿಗೆ, ಕೊಳಚೆ ನೀರನ್ನು ಶುದ್ಧಗೊಳಿಸಿ ಮತ್ತೆ ಕುಡಿಯಬಹುದೇ ಎಂಬ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗುತ್ತದೆ. ನಮೀಬಿಯಾದ ವಿಂಡ್‌ಹುಕ್‌ನಲ್ಲಿ 1968ರಿಂದಲೇ ಹಾಗೆ ಕುಡಿಯುತ್ತಿದ್ದಾರೆ. ನಮ್ಮ ದೇವನಹಳ್ಳಿಯಲ್ಲೂ ಬೆಂಗಳೂರಿನ ಸಂಸ್ಕರಿತ ನೀರನ್ನು ಕೆರೆಗೆ ತುಂಬಿಸಿ, ಪಕ್ಕದ ಬಾವಿಯಿಂದ ಎತ್ತಿ, ಮತ್ತೆ ಶುದ್ಧೀಕರಿಸಿ ಊರಿಗೆ ಕೊಡುವ ಪ್ರಯೋಗ ನಡೆದಿದೆ. ಈ ವಿಷಯ ಬಂದಾಗಲೆಲ್ಲ ಜನ ಮೊದಲು ಕೇಳುವುದು ಲ್ಯಾಬ್ ರಿಪೋರ್ಟ್. ಅದು ಎರಡನೆಯ ಪ್ರಶ್ನೆಯಾಗಬೇಕು ಎನ್ನುವುದು ನನ್ನ ವಾದ.

ಯಾಕೆಂದರೆ ಲ್ಯಾಬಿನ ಕೆಲಸ ನಿಧಾನದ್ದು. ನಲ್ಲಿಯ ಬಾಯನ್ನು ಬೆಂಕಿಯಲ್ಲಿ ಕಾಯಿಸಿ, ಕ್ರಿಮಿ ಕೊಂದ ಬಾಟಲಿಗೆ ನೀರು ಹಿಡಿಯುತ್ತಾರೆ. ಅದರೊಳಗೆ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಇಲ್ಲವಾದರೆ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತ ಹೋಗಿ, ಕೆಟ್ಟ ನೀರೂ ಪಾಸಾಗಿಬಿಡುತ್ತದೆ. ಐಸ್ ಪೆಟ್ಟಿಗೆಯಲ್ಲಿ ಬಂದ ಮಾದರಿಯನ್ನು ಪೋಷಕ ದ್ರಾವಣದ ಕೊಳವೆಗಳಿಗೆ ಹಾಕಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಒಳಗೆ ಬೋರಲಾಗಿ ನಿಂತ ಪುಟ್ಟ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಬಿಟ್ಟ ಅನಿಲದ ಗುಳ್ಳೆ ಕಾಣುತ್ತದೆಯೇ ಎಂದು 24 ಗಂಟೆ, ಕೆಲವೊಮ್ಮೆ 48 ಗಂಟೆ ಕಾಯಬೇಕು. ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಗಂತೂ ಮೂರು ದಿನ. ಕುಡಿಯುವ ನೀರಿನ ಐಎಸ್ 10500 ಮಾನದಂಡದಂತೆ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಕಾಣಲೇಕೂಡದು, ಕಂಡಿತೆಂದು ತಿಳಿಯುವ ಹೊತ್ತಿಗೆ ಆ ನೀರು ಕುಡಿದಾಗಿರುತ್ತದೆ. ಹಾಗಾಗಿ ಕಾವಲು ಕಾಯಬೇಕಾದವು ಪೈಪಿಗೇ ಜೋಡಿಸಿದ ಮೀಟರುಗಳು. ಕದಡು, ಉಳಿಕೆ ಕ್ಲೋರಿನ್, ಯುವಿ ದೀಪದ ಪ್ರಖರತೆ, ಆರ್‌ಒ ಪೊರೆ ದಾಟಿದ ನೀರಿನ ವಿದ್ಯುತ್ ವಾಹಕತೆ ಇವನ್ನು ಅವು ಅಳೆಯುತ್ತವೆ. ರೋಗಾಣುವನ್ನು ಎಣಿಸಲಾರವು, ಆದರೆ ಪೊರೆ ಸೀಳಿದ್ದನ್ನೋ ದೀಪ ಮಂಕಾದದ್ದನ್ನೋ ನಿಮಿಷಗಳಲ್ಲಿ ಹಿಡಿದು ವಾಲ್ವ್ ಮುಚ್ಚಿಸುತ್ತವೆ. ಮೀಟರು ಹೇಳಿದ್ದು ನಿಜವೇ ಎಂದು ತಾಳೆ ನೋಡುವುದು, ಅದಕ್ಕೆ ಕಾಣದ ಭಾರಲೋಹ, ಔಷಧಿಗಳ ಉಳಿಕೆ ಹುಡುಕುವುದು ಲ್ಯಾಬಿನ ಪಾಲು.

ಹತ್ತಿರದಲ್ಲೇ ಕಬಿನಿ ನದಿ ಇರುವಾಗ ಈ ಉಸಾಬರಿ ಏಕೆ ಎನ್ನಬಹುದು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಅಲ್ಲಿ ಮರುಬಳಕೆಯ ಯೋಜನೆ ಇರಲಿಲ್ಲ. ಅಂದರೆ ಯೋಜನೆ ಬೇಡವೆಂದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಮೀಟರು ಕೆಟ್ಟರೆ, ಕರೆಂಟು ಹೋದರೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕರೆಂಟು ಹೋದೊಡನೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಹಾಕುವುದು ಸುಲಭ. ಮೀಟರನ್ನು ತಪ್ಪದೆ ಸರಿಹೊಂದಿಸುವ ಸಿಬ್ಬಂದಿಗೆ ವರ್ಷ ವರ್ಷ ಸಂಬಳ ತೆಗೆದಿಡುವುದು ಕಷ್ಟ. ಕಡಕೊಳಕ್ಕೆ ಇನ್ನೂ ಒಂದು ತೊಡಕಿದೆ. ಕಾರ್ಖಾನೆಯಲ್ಲಿ ಬಳಸುವ ಅಸಿಟೋನ್‌ನಂಥ ದ್ರಾವಕದ ಸಣ್ಣ ಅಣು ಆರ್‌ಒ ಪೊರೆಯಲ್ಲೂ ನುಸುಳುತ್ತದೆ, ಆದ್ದರಿಂದ ಇಲ್ಲಿ ಮೊದಲ ಮಾದರಿಯನ್ನು ಹಿಡಿಯಬೇಕಾದದ್ದು ಕಾರ್ಖಾನೆಯ ನೀರು ಒಳಚರಂಡಿ ಸೇರುವ ಜಾಗದಲ್ಲಿ.