ವೀರಗಲ್ಲನ್ನು ಓದುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ವೀರಗಲ್ಲು ಹೊಸದೇನೂ ಅಲ್ಲ. ಕೆರೆಯ ಏರಿಯ ಮೇಲೋ, ಊರಬಾಗಿಲ ಪಕ್ಕದಲ್ಲೋ, ಹಳೆಯ ಗುಡಿಯ ಅಂಗಳದಲ್ಲೋ ಅರ್ಧ ಹೂತು ನಿಂತ ಕೆತ್ತನೆಯ ಕಲ್ಲನ್ನು ನೀವು ನೋಡಿಯೇ ಇರುತ್ತೀರಿ. ಕೆಲವು ಊರುಗಳಲ್ಲಿ ಅದಕ್ಕೆ ಎಣ್ಣೆ ಕುಂಕುಮ ಸಲ್ಲುವುದುಂಟು. ಕೆಲವು ಕಡೆ ಅದು ಬಟ್ಟೆ ಒಗೆಯುವ ಕಲ್ಲಾಗಿರುವುದೂ ಉಂಟು. ಆದರೆ ಅದು ಏನು ಹೇಳುತ್ತದೆಂದು ನಿಂತು ಓದಿದವರು ಕಡಿಮೆ.

ಓದುವುದು ಕಷ್ಟವಲ್ಲ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದಕ್ಕೆ ಮೂರು ಅಂತಸ್ತು. ಕೆಳಗಿನದರಲ್ಲಿ ಕಾಳಗ: ಕತ್ತಿ ಗುರಾಣಿ ಅಥವಾ ಬಿಲ್ಲು ಹಿಡಿದ ವೀರ, ಎದುರಿಗೆ ಶತ್ರುಗಳು, ಕೆಲವೊಮ್ಮೆ ಹಿಂದೆ ದನಗಳ ಸಾಲು. ನಡುವಣದರಲ್ಲಿ ಅದೇ ವೀರನನ್ನು ಅಪ್ಸರೆಯರು ಎರಡು ಪಕ್ಕದಲ್ಲೂ ಆತುಕೊಂಡು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸ ಸೇರಿ ಶಿವಲಿಂಗದ ಮುಂದೆ ಕುಳಿತಿದ್ದಾನೆ. ಜೈನನಾಗಿದ್ದರೆ ಲಿಂಗದ ಬದಲು ಜಿನಬಿಂಬವಿರುತ್ತದೆ. ತುದಿಯಲ್ಲಿ ಸೂರ್ಯ ಚಂದ್ರರು. ಅವರಿರುವಷ್ಟು ಕಾಲ ಈ ಹೆಸರೂ ಇರಲಿ ಎಂಬುದು ಅದರ ಅರ್ಥ. ಅಂತಸ್ತುಗಳ ನಡುವಣ ಪಟ್ಟಿಯಲ್ಲಿ ಬರಹವಿದ್ದರೆ ಆಳುವ ಅರಸ ಯಾರು, ಸತ್ತವನು ಯಾರು, ಯಾತಕ್ಕಾಗಿ ಸತ್ತ ಎಂಬುದು ಅಲ್ಲಿ ಸಿಕ್ಕುತ್ತದೆ.

ಆ ನಡುವಣ ಅಂತಸ್ತಿನ ಮುಂದೆ ಸ್ವಲ್ಪ ನಿಲ್ಲಿ. ಮಡಿದವರ ನೆನಪಿನ ಬಳಿ ದೇವಲೋಕದವರನ್ನು ನಿಲ್ಲಿಸುವ ರೂಢಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನ ಕಾವೆಂಟ್ರಿ ನಗರದ ಕೆಥೆಡ್ರಲ್ 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಸುಟ್ಟುಹೋಯಿತು. ಉಳಿದ ಗೋಡೆಗಳನ್ನು ಯುದ್ಧದ ನೆನಪಿಗೆಂದು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ಪ್ರತಿಷ್ಠೆ ಮಾಡಿದರು. ಅದರ ಹೊರಗೋಡೆಯ ಮೇಲೆ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ರಚಿಸಿದ ದೊಡ್ಡ ಕಂಚಿನ ಮೂರ್ತಿಯಿದೆ. ಪ್ರಧಾನ ದೇವದೂತ ಮೀಕಾಯೇಲ ರೆಕ್ಕೆ ಹರಡಿ, ಈಟಿ ಹಿಡಿದು ನಿಂತಿದ್ದಾನೆ. ಕಾಲಬಳಿ ಸೈತಾನ ಕಟ್ಟುಬಿದ್ದು ಮಲಗಿದ್ದಾನೆ. ಸತ್ತವರ ಆತ್ಮಗಳನ್ನು ಸ್ವರ್ಗಕ್ಕೆ ಕರೆದೊಯ್ಯುವವನೂ ಮೀಕಾಯೇಲನೇ ಎಂದು ಕ್ರೈಸ್ತರ ಹಳೆಯ ನಂಬಿಕೆ.

ನಮ್ಮ ಅಪ್ಸರೆಯರ ಕೆಲಸವೂ ಕರೆದೊಯ್ಯುವುದೇ. ಆದರೆ ಅವರ ಕೈಯಲ್ಲಿ ಈಟಿಯಿಲ್ಲ. ಚಾಮರವೋ ಹೂಮಾಲೆಯೋ ಇರುತ್ತದೆ. ಬೆನ್ನಿಗೆ ಸಾಮಾನ್ಯವಾಗಿ ರೆಕ್ಕೆಯೂ ಇಲ್ಲ. ಮಡಿಸಿದ ಮೊಣಕಾಲಿನ ಬಾಗಿನಿಂದಲೇ ಶಿಲ್ಪಿ ಅವರು ಹಾರುತ್ತಿರುವುದನ್ನು ತೋರಿಸುತ್ತಾನೆ. ಕಾವೆಂಟ್ರಿಯ ಮೂರ್ತಿಯಲ್ಲಿ ನಮ್ಮ ಕಣ್ಣು ಗೆದ್ದ ದೇವದೂತನ ಮೇಲೆ ನಿಲ್ಲುತ್ತದೆ. ವೀರಗಲ್ಲಿನಲ್ಲಾದರೋ ದೇವಕನ್ಯೆಯರು ಪಕ್ಕದಲ್ಲಿರುತ್ತಾರೆ, ನಡುವೆ ಇರುವವನು ಸತ್ತ ಮನುಷ್ಯ.

ಆ ಮನುಷ್ಯ ಯಾರು? ಬಹಳ ಸಲ ಅರಸನೂ ಅಲ್ಲ, ದಂಡನಾಯಕನೂ ಅಲ್ಲ. ದಂಡನಾಯಕರ ಹೆಸರು ಉಳಿಯಲು ಬೇರೆ ದಾರಿಗಳಿದ್ದವು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಅಮೃತೇಶ್ವರ ದೇವಾಲಯವನ್ನೇ ಕಟ್ಟಿಸಿದ. ಅಲ್ಲಿಯ ಶಾಸನವನ್ನು ಬರೆದವನು ಕವಿ ಜನ್ನ. ಊರಿನ ಸಾಮಾನ್ಯನಿಗೆ ಒಂದು ಕಲ್ಲು. ಶಾಸನಗಳು ಅವನ ಸಾವಿನ ಕಾರಣಗಳನ್ನು ಚಿಕ್ಕ ಮಾತುಗಳಲ್ಲಿ ಹೇಳುತ್ತವೆ: ತುರುಗೊಳ್ ಎಂದರೆ ದನಗಳ ಅಪಹರಣ, ಊರಳಿವು ಎಂದರೆ ಊರಿನ ನಾಶ, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಅಜ್ಜಂಪುರದ ಅಮೃತಮಹಲ್ ದನಗಳನ್ನೂ ಅವುಗಳ ಹುಲ್ಲುಗಾವಲುಗಳನ್ನೂ ಬಲ್ಲ ನಿಮಗೆ, ದನ ಹೋದರೆ ಊರಿನ ಬಾಳೇ ಹೋದಂತೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಕೊಡುತ್ತಿದ್ದುದೂ ಉಂಟು. ಅಂದರೆ ಕಲ್ಲು ಬರಿಯ ಹೊಗಳಿಕೆಯಲ್ಲ. ಕೆಲವು ಕಡೆ ಆ ಸಂಸಾರದ ಹಕ್ಕುಪತ್ರವೂ ಅದೇ.

ನಿಂತಿರುವ ಕಲ್ಲೆಲ್ಲವೂ ಯುದ್ಧದ್ದಲ್ಲ ಎಂಬುದೂ ನೆನಪಿರಲಿ. ಬಳೆ ತೊಟ್ಟ ತೋಳೊಂದು ಮೇಲೆದ್ದಿದ್ದರೆ ಅದು ಮಾಸ್ತಿಕಲ್ಲು. ಜೈನ ವ್ರತದಿಂದ ದೇಹ ಬಿಟ್ಟವರದು ನಿಸಿದಿ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆ ಬೋಳಿಸಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡಳೆಂದು ಹೇಳುವ ಕಂಬದ ಶಾಸನ ಕಡೂರಿನದೇ.

ಬಿ. ಎಲ್. ರೈಸ್ ಅವರು ಹಿಂದಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಪುಸ್ತಕಕ್ಕೆ ಸೇರಿದ ಬರಹ ಉಳಿದಂತೆಯೇ. ಆದರೆ ಬರಹವಿಲ್ಲದೆ ಬರಿಯ ಕೆತ್ತನೆಯಿರುವ ಕಲ್ಲುಗಳಿಗೆ ಅವುಗಳ ಜಾಗವೇ ಸಾಕ್ಷಿ. ಯಾವ ಊರಿನ ಯಾವ ಬಾಗಿಲಲ್ಲಿ ಇತ್ತು ಎಂಬುದು ಮರೆತರೆ, ಅವನು ಕಾದದ್ದು ಯಾರನ್ನು ಎಂಬುದೂ ಮರೆತಂತೆ. ಆದುದರಿಂದ ರಸ್ತೆ ಅಗಲ ಮಾಡುವಾಗಲೋ ಗುಡಿಯನ್ನು ಜೀರ್ಣೋದ್ಧಾರ ಮಾಡುವಾಗಲೋ ಕಲ್ಲನ್ನು ಕಿತ್ತು ಬದಿಗೆಸೆಯಬೇಡಿ. ಪುರಾತತ್ವ ಇಲಾಖೆಗೆ ಮೊದಲು ತಿಳಿಸಿ. ಸುಣ್ಣ ಬಣ್ಣ ಬಳಿದರೆ ಅಕ್ಷರಗಳು ತುಂಬಿಹೋಗುತ್ತವೆ. ಮೊಳೆಯಿಂದ ಕೆರೆದರೆ ಅಳಿದೇಹೋಗುತ್ತವೆ.

ನೋಡಲು ಒಳ್ಳೆಯ ಹೊತ್ತು ಬೆಳಗಿನ ಅಥವಾ ಸಂಜೆಯ ಇಳಿಬಿಸಿಲು. ನೆತ್ತಿಯ ಬಿಸಿಲಿನಲ್ಲಿ ಕಾಣದ ಗೆರೆಗಳು ಓರೆ ಬೆಳಕಿಗೆ ಎದ್ದು ಕಾಣುತ್ತವೆ. ಮುಂದಿನ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಹೋಗಿ. ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ತೋರಿಸಿ: ಇಲ್ಲಿ ಕಾದಿದ, ಇಲ್ಲಿ ಎತ್ತಿಕೊಂಡು ಹೋದರು, ಇಲ್ಲಿ ಸೇರಿದ.